ಪ್ಯಾರಿಸ್ ಒಪೇರಾದ ಕೆಳಗೆ ನಿಜವಾಗ್ಲೂ ಸರೋವರ ಇದೆಯಾ?

ಪ್ರಶ್ನೆ: ‘ಫ್ಯಾಂಟಮ್ ಆಫ್ ದಿ ಒಪೇರಾ’ ಕಥೆಯಲ್ಲಿ ಪ್ಯಾರಿಸ್‌ನ ಹಳೇ ಒಪೇರಾ ಕಟ್ಟಡದ ಅಡಿಯಲ್ಲಿ ಒಂದು ಸರೋವರ ಬರುತ್ತದೆ. ಮುಖವಾಡದ ಮನುಷ್ಯ ಅಲ್ಲಿ ದೋಣಿ ನಡೆಸುತ್ತಾನೆ. ಅಂಥದ್ದು ನಿಜವಾಗ್ಲೂ ಇದೆಯಾ, ಇಲ್ಲಾ ಸುಮ್ನೆ ಕಟ್ಟಿದ ಕಥೆಯಾ?

ಉತ್ತರ: ನೀರು ಇದೆ. ಸರೋವರ ಇಲ್ಲ. ನಮ್ಮ ಮನೆಗಳ ಮಾತಿನಲ್ಲಿ ಹೇಳಬೇಕೆಂದರೆ ಅದೊಂದು ಬಹಳ ದೊಡ್ಡ ಸಂಪು. ಆದರೆ ಕುಡಿಯುವುದಕ್ಕೋ ತೊಳೆಯುವುದಕ್ಕೋ ಕಟ್ಟಿದ ಸಂಪಲ್ಲ. ಅದು ಅಲ್ಲಿ ಯಾಕೆ ಬಂತು ಎನ್ನುವುದು ದೋಣಿಯ ಕಥೆಗಿಂತ ನನಗೆ ಜಾಸ್ತಿ ಇಷ್ಟ.

ಶುರುವಾಗಿದ್ದು ಒಂದು ಬಾಂಬ್ ದಾಳಿಯಿಂದ. 1858ರ ಜನವರಿ 14ರ ಸಂಜೆ ಚಕ್ರವರ್ತಿ ಮೂರನೇ ನೆಪೋಲಿಯನ್ ಮತ್ತು ರಾಣಿ ಯೂಜೆನಿ ಒಪೇರಾ ನೋಡಲು ಬಂದಿದ್ದರು. ಆಗಿನ ಒಪೇರಾ ಇದ್ದದ್ದು ಲ ಪೆಲೆಟಿಯೇ ಎಂಬ ಇಕ್ಕಟ್ಟಾದ ಬೀದಿಯಲ್ಲಿ. ಗಾಡಿ ಬಾಗಿಲ ಹತ್ತಿರ ಬಂದಾಗ ಇಟಲಿಯ ಫೆಲಿಚೆ ಒರ್ಸಿನಿ ಮತ್ತು ಅವನ ಜೊತೆಗಾರರು ಬಾಂಬ್ ಎಸೆದರು. ರಾಜದಂಪತಿ ಬದುಕಿ ಉಳಿದರು. ಬೀದಿಯಲ್ಲಿದ್ದ ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಸುತ್ತ ಬಯಲಿರುವ ಜಾಗದಲ್ಲಿ, ಚಕ್ರವರ್ತಿಗೆ ಬೇರೆಯೇ ಬಾಗಿಲು ಇರುವ ಹೊಸ ರಂಗಮಂದಿರ ಬೇಕೆಂಬ ತೀರ್ಮಾನ ಬಂದದ್ದು ಆಮೇಲೆ.

1860ರ ಕೊನೆಗೆ ನಕ್ಷೆಗಳಿಗಾಗಿ ಸ್ಪರ್ಧೆ ಕರೆದರು. 170ರ ಆಸುಪಾಸು ನಕ್ಷೆಗಳು ಬಂದವು. ಗೆದ್ದವನು ಶಾರ್ಲ್ ಗಾರ್ನಿಯೇ. ವಯಸ್ಸು 35. ಅಷ್ಟು ದೊಡ್ಡ ಕೆಲಸ ಅವನು ಅಲ್ಲಿಯವರೆಗೆ ಮಾಡಿರಲಿಲ್ಲ. ಈಗ ಆ ಕಟ್ಟಡವನ್ನು ಅವನ ಹೆಸರಿನಲ್ಲೇ ‘ಪಲೇ ಗಾರ್ನಿಯೇ’ ಎಂದು ಕರೆಯುತ್ತಾರೆ.

1861ರ ಆಗಸ್ಟ್‌ನಲ್ಲಿ ಅಗೆತ ಶುರುವಾಯಿತು. ಒಪೇರಾ ಕಟ್ಟಡಕ್ಕೆ ಬುನಾದಿ ಬಹಳ ಆಳ ಬೇಕು. ಯಾಕೆಂದರೆ ರಂಗದ ಮೇಲೆ ಕಾಣುವುದು ಅರ್ಧ ಮಾತ್ರ. ಕಾಡು, ಅರಮನೆ, ಹಡಗು ಎಲ್ಲವೂ ಪರದೆಗಳಲ್ಲಿ, ಚೌಕಟ್ಟುಗಳಲ್ಲಿ ಇರುತ್ತವೆ. ಅವನ್ನು ಮೇಲಕ್ಕೆ ಎಳೆಯಬೇಕು ಅಥವಾ ಕೆಳಕ್ಕೆ ಇಳಿಸಬೇಕು. ಮಡಚದೆ ಇಡಿಯಾಗಿ ಇಳಿಸಬೇಕಾದರೆ ರಂಗದ ಕೆಳಗೂ ಅಷ್ಟೇ ಎತ್ತರದ ಜಾಗ ಬೇಡವೇ? ಹಾಗಾಗಿ ಇಲ್ಲಿ ರಂಗದ ಕೆಳಗೆ ಐದು ಅಂತಸ್ತುಗಳಿವೆ.

ಅಷ್ಟು ಆಳಕ್ಕೆ ಹೋದಾಗ ನೀರು ಉಕ್ಕಿತು. ಕಟ್ಟಡದ ಕೆಳಗೆ ನದಿ ಹರಿಯುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಅದು ನದಿಯಲ್ಲ, ಅಂತರ್ಜಲ. ಅಲ್ಲಿ ಅದರ ಮಟ್ಟ ಯಾರೂ ಎಣಿಸದಷ್ಟು ಮೇಲಿತ್ತು. 1862ರ ಫೆಬ್ರವರಿಯಲ್ಲಿ ಬಾವಿಗಳನ್ನು ತೋಡಿದರು. ಮಾರ್ಚ್‌ನಲ್ಲಿ ಎಂಟು ಉಗಿ ಪಂಪುಗಳನ್ನು ಕೂರಿಸಿದರು. ಹಗಲು ರಾತ್ರಿ ಓಡಿಸಿದರೂ ಹೊಂಡ ಒಣಗಲಿಲ್ಲ.

ಗಾರ್ನಿಯೇ ಆಗ ಮಾಡಿದ್ದನ್ನು ನೋಡಿ. ನೀರನ್ನು ಓಡಿಸುವ ಹಟ ಬಿಟ್ಟ. ರಂಗದ ಅಡಿಗೆ ಎರಡು ಪದರದ ಬುನಾದಿ ಹಾಕಿ, ಅದರಲ್ಲಿ ಕಾಂಕ್ರೀಟಿನ ಭಾರೀ ತೊಟ್ಟಿ ಕಟ್ಟಿಸಿದ. ಆಮೇಲೆ ಆ ತೊಟ್ಟಿಗೆ ನೀರು ತುಂಬಿಸಿದ!

ನೀರಿನ ಕಾಟ ತಪ್ಪಿಸಲು ನೀರನ್ನೇ ತುಂಬುವುದೇನು ಎನ್ನಿಸಬಹುದು. ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ತುಂಬಿದ ಹಂಡೆಯೊಳಗೆ ಖಾಲಿ ಚೊಂಬನ್ನು ನೆಟ್ಟಗೆ ಒತ್ತಿ. ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಚೊಂಬಿಗೆ ನೀರು ತುಂಬಿ, ತೆಪ್ಪಗೆ ತಳ ಸೇರುತ್ತದೆ. ಅಂತರ್ಜಲ ಮೇಲಿರುವ ಕಡೆ ಖಾಲಿ ತೊಟ್ಟಿಯನ್ನೂ ಸುತ್ತಲಿನ ನೀರು ಹೀಗೆಯೇ ಒತ್ತುತ್ತದೆ. ಗೋಡೆಯನ್ನು ಒಳಕ್ಕೆ, ತಳವನ್ನು ಮೇಲಕ್ಕೆ. ಮಳೆಗಾಲದಲ್ಲಿ ಹೊಸ ಸಂಪನ್ನು ಖಾಲಿ ಬಿಡಬೇಡಿ ಎಂದು ಮೇಸ್ತ್ರಿಗಳು ಹೇಳುವುದೂ ಇದಕ್ಕೇ ಅಲ್ವಾ? ಒಳಗೂ ನೀರಿದ್ದರೆ ಹೊರಗಿನ ಒತ್ತಡಕ್ಕೆ ಒಳಗಿನಿಂದ ಎದುರೊತ್ತು ಸಿಗುತ್ತದೆ. ಗೋಡೆಗಳ ಮೇಲಿನ ಭಾರ ಇಳಿಯುತ್ತದೆ. 1862ರ ಜುಲೈನಲ್ಲಿ ಶಂಕುಸ್ಥಾಪನೆ ನಡೆಯಿತು. ಆ ಬುನಾದಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ತೊಟ್ಟಿಗೆ ಇನ್ನೊಂದು ಕೆಲಸವೂ ಇತ್ತು. ಬೆಂಕಿ ಬಿದ್ದರೆ ನೀರು ಕೈಗೆಟುಕುವಂತಿರಬೇಕು. ಆಗಿನ ರಂಗಮಂದಿರಗಳಲ್ಲಿ ಬೆಳಕೆಂದರೆ ಗ್ಯಾಸ್ ದೀಪ. ಸುತ್ತ ಮರ, ಹಗ್ಗ, ಬಟ್ಟೆಯ ಪರದೆ. ಇದು ಸುಮ್ಮನೆ ಪಟ್ಟ ಭಯವಲ್ಲ. 1873ರ ಅಕ್ಟೋಬರ್ ಕೊನೆಯಲ್ಲಿ ಲ ಪೆಲೆಟಿಯೇ ಬೀದಿಯ ಆ ಹಳೇ ಒಪೇರಾ ಸುಟ್ಟು ಬೂದಿಯಾಯಿತು.

ಹೊಸ ಕಟ್ಟಡ ಆಗ ಇನ್ನೂ ಅರೆಬರೆಯಾಗಿತ್ತು. 1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಬಂದು ಚಕ್ರವರ್ತಿಯ ಆಳ್ವಿಕೆ ಮುಗಿದಿತ್ತು. ಪ್ಯಾರಿಸ್‌ಗೆ ಮುತ್ತಿಗೆ ಬಿದ್ದಾಗ ಈ ಕಟ್ಟಡ ದವಸ ಧಾನ್ಯದ ಉಗ್ರಾಣವಾಗಿತ್ತು. ಹಳೇ ಸರ್ಕಾರದ ಆಡಂಬರಕ್ಕೆ ಹೊಸ ಸರ್ಕಾರ ಯಾಕೆ ದುಡ್ಡು ಸುರಿಯಬೇಕು? ಆದರೆ ಇದ್ದ ಒಪೇರಾ ಸುಟ್ಟುಹೋದ ಮೇಲೆ ಬೇರೆ ದಾರಿ ಇರಲಿಲ್ಲ. ಹಣ ಬಂತು, ಕೆಲಸ ಓಡಿತು. 1875ರ ಜನವರಿ 5ರಂದು ಬಾಗಿಲು ತೆರೆಯಿತು. ಆ ರಾತ್ರಿ ಗಾರ್ನಿಯೇ ತನ್ನ ಆಸನಕ್ಕೆ ದುಡ್ಡು ಕೊಟ್ಟು ಕೂರಬೇಕಾಯಿತು. ಹದಿನಾಲ್ಕು ವರ್ಷ ಜೀವ ತೇಯ್ದವನಿಗೆ ಹಾಗೆ ಮಾಡಿದ್ದು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಇನ್ನು ಸರೋವರದ ಮಾತು. ಅದು ಗ್ಯಾಸ್ಟನ್ ಲರೂ ಎಂಬ ಪತ್ರಕರ್ತನಿಂದ ಬಂದದ್ದು. 1909ರಿಂದ 1910ರವರೆಗೆ ಅವನ ‘ಫ್ಯಾಂಟಮ್’ ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ವರದಿಗಾರನಾಗಿ ಪಳಗಿದವನು, ನಿಜದ ಚೂರುಗಳನ್ನು ಹೆಕ್ಕಿ ಕಥೆಗೆ ಹೊಲಿದ. ಕಥೆಯಲ್ಲಿ ಜನರ ಮೇಲೆ ತೂಗುದೀಪ ಬೀಳುತ್ತದೆ. 1896ರ ಮೇ 20ರಂದು ನಿಜಕ್ಕೂ ಪ್ರದರ್ಶನದ ನಡುವೆ ತೂಗುದೀಪದ ಸಮತೂಕದ ಭಾರವೊಂದು ಕಳಚಿ ಬಿದ್ದು, ನೋಡಲು ಬಂದಿದ್ದ ಒಬ್ಬ ಹೆಂಗಸು ಸತ್ತಿದ್ದರು. ದೀಪ ಬಿದ್ದಿರಲಿಲ್ಲ. ತೊಟ್ಟಿಯೂ ಹೀಗೆಯೇ ಅವನ ಕೈಯಲ್ಲಿ ಸರೋವರವಾಯಿತು.

ನಿಜವಾದ ತೊಟ್ಟಿಯಲ್ಲಿ ದಡ ಇಲ್ಲ, ಕಥೆಯಲ್ಲಿರುವಂತೆ ದಡದಲ್ಲಿ ಮನೆಯೂ ಇಲ್ಲ. ತಗ್ಗಾದ ಕಮಾನುಗಳು, ದಪ್ಪ ಕಂಬಗಳು, ಕತ್ತಲು, ನಿಂತ ನೀರು. ಪ್ಯಾರಿಸ್‌ನ ಅಗ್ನಿಶಾಮಕ ದಳದ ಮುಳುಗುಗಾರರು ಕತ್ತಲಲ್ಲಿ ಈಜುವ ಅಭ್ಯಾಸಕ್ಕೆ ಅಲ್ಲಿಗೆ ಇಳಿಯುತ್ತಾರೆ.

ನೀವು ಪ್ಯಾರಿಸ್‌ಗೆ ಹೋದರೆ ಸಾಮಾನ್ಯ ಟಿಕೆಟಿನಲ್ಲಿ ತೊಟ್ಟಿ ನೋಡಲು ಬಿಡುವುದಿಲ್ಲ. ಅಮೃತಶಿಲೆಯ ಮೆಟ್ಟಿಲುಗಳನ್ನು, 1964ರಲ್ಲಿ ಮಾರ್ಕ್ ಶಗಾಲ್ ಚಿತ್ರ ಬಿಡಿಸಿದ ಚಾವಣಿಯನ್ನು ಎಲ್ಲರೂ ನೋಡುತ್ತಾರೆ, ನೀವೂ ನೋಡಿ. ಆಮೇಲೆ ಹೊರಗೆ ಬಂದು ಕಟ್ಟಡದ ಪಶ್ಚಿಮ ಬದಿಗೆ ನಡೆಯಿರಿ. ಅಲ್ಲಿ ಕುದುರೆ ಗಾಡಿ ಮೇಲೇರಿ ಬರುವಂಥ ಇಳಿಜಾರು ದಾರಿ ಇದೆ. ಚಕ್ರವರ್ತಿ ಬೀದಿಯಲ್ಲಿ ಇಳಿಯದೆ ನೇರ ಒಳಗೆ ಬರಲಿ ಎಂದು ಕಟ್ಟಿದ ಬಾಗಿಲು ಅದು. 1873ರ ಜನವರಿಯಲ್ಲಿ ಅವನು ಇಂಗ್ಲೆಂಡಿನಲ್ಲಿ ತೀರಿಕೊಂಡ. ಆ ಬಾಗಿಲಿನಿಂದ ಒಮ್ಮೆಯೂ ಒಳಗೆ ಬರಲಿಲ್ಲ. ಆ ಭಾಗದಲ್ಲಿ ಈಗ ಒಪೇರಾದ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಇದೆ. 1870ರಲ್ಲಿ ಕೆತ್ತುವುದನ್ನು ಅರ್ಧಕ್ಕೆ ಬಿಟ್ಟ ಕಲ್ಲುಗಳು ಇನ್ನೂ ಹಾಗೇ ಇವೆ.