ವೂಫರ್ ಜೋಡಿಸುವ ಮೊದಲು ಓಮ್ ಎಣಿಸಿ

ಮೊನ್ನೆ ಸಿರುಗುಪ್ಪ ಕಡೆಯ ಹುಡುಗ ಒಬ್ಬ ಬಳ್ಳಾರಿಯ ನಮ್ಮ ಅಂಗಡಿಗೆ ಕಾರು ತಂದಿದ್ದ. "ಅಣ್ಣಾ, ಸೌಂಡ್ ಸ್ವಲ್ಪ ಜಾಸ್ತಿ ಮಾಡಿದ್ರೆ ಸಾಕು, ಆಂಪ್ ಬಂದ್ ಆಗ್ತೈತ್ರಿ" ಅಂದ. ಆಂಪ್ ಅಂದರೆ ಸ್ಪೀಕರಿಗೆ ಪವರ್ ಕೊಡೋ ಆಂಪ್ಲಿಫೈಯರ್. ಡಿಕ್ಕಿ ತೆಗೆದರೆ, ತೊಂದರೆ ಕಂಡು ಆಂಪ್ ಬಂದ್ ಆದಾಗ ಹತ್ತೋ ಕೆಂಪು ಪ್ರೊಟೆಕ್ಟ್ ಲೈಟ್ ಉರಿಯುತ್ತಿತ್ತು, ಆಂಪ್ ಮೇಲೆ ಕೈ ಇಡೋಕೂ ಆಗಲಿಲ್ಲ. ಬಿಸಿಲಿಗೆ ಹಂಗಾಗ್ತೈತಿ ಅಂತ ಹಾಕಿಕೊಟ್ಟವರು ಹೇಳಿದ್ದರಂತೆ. ನಮ್ಮ ಬಿಸಿಲು 40 ಡಿಗ್ರಿ ದಾಟೋದು ನಿಜ, ಆದರೆ ಇಲ್ಲಿ ತಪ್ಪು ಬಿಸಿಲಿನದಲ್ಲ.

ಆಂಪಿನಿಂದ ಸ್ಪೀಕರ್ ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. 0.9 ಓಮ್! ಓಮ್ ಅಂದರೆ ಕರೆಂಟಿಗೆ ಇರೋ ತಡೆಯ ಅಳತೆ. ಅವನದು ಮೋನೋ, ಅಂದರೆ ಒಂದೇ ಚಾನಲಿನ ಆಂಪ್, ಕನಿಷ್ಠ 2 ಓಮ್ ಅಂತ ಅದರ ಮೇಲೇ ಬರೆದಿತ್ತು.

ಅವನ ಹತ್ತಿರ ಇದ್ದದ್ದು ಎರಡು ವೂಫರ್ (ಬೇಸ್ ಸದ್ದಿನ ದೊಡ್ಡ ಸ್ಪೀಕರ್), ಒಂದೊಂದಕ್ಕೂ 4 ಓಮಿನ ಎರಡೆರಡು ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ. ನಾಲ್ಕೂ ಕಾಯಿಲಿನ ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ ಸೇರಿಸಿದ್ದರು. ಹಾಗೆ ಪ್ಯಾರಲಲ್ ಕೊಟ್ಟರೆ 4ನ್ನು 4ರಿಂದ ಭಾಗಿಸಬೇಕು, ಉಳಿಯೋದು 1 ಓಮ್. ಓಮ್ ಇಳಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತೆ, ಆಂಪ್ ಬಿಸಿಯಾಗುತ್ತೆ, ತನ್ನನ್ನು ಉಳಿಸಿಕೊಳ್ಳೋಕೆ ಬಂದ್ ಆಗುತ್ತೆ, ಹೀಗೇ ಓಡಿಸಿದರೆ ಒಂದು ದಿನ ಒಳಗಿನ ಬೋರ್ಡೇ ಸುಡುತ್ತೆ.

ನಾನು ಮಾಡಿದ್ದಿಷ್ಟು. ಪ್ರತಿ ವೂಫರಿನಲ್ಲೂ ಒಂದು ಕಾಯಿಲಿನ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಕೊಟ್ಟೆ. ಇದು ಸೀರೀಸ್, 4 ಕೂಡಿಸು 4, ಅಂದರೆ 8 ಓಮ್. ಆಮೇಲೆ ಎರಡೂ ವೂಫರ್ ಪ್ಯಾರಲಲ್ ಮಾಡಿದರೆ 4 ಓಮ್. ಮೀಟರ್ 3.6 ತೋರಿಸಿತು. ಬರೆದದ್ದಕ್ಕಿಂತ ಮೀಟರಿನಲ್ಲಿ ಸ್ವಲ್ಪ ಕಡಿಮೆಯೇ ಬರೋದು, ಗಾಬರಿ ಬೇಡ.

"ಪವರ್ ಕಮ್ಮಿ ಆಗಲ್ವೇನಣ್ಣಾ?" ಅಂತ ಕೇಳಿದ. ಆಗುತ್ತೆ. ಆದರೆ ವಾಟ್ ಅರ್ಧಕ್ಕಿಳಿದರೂ ಸದ್ದು ಕಡಿಮೆ ಆಗೋದು 3 ಡೆಸಿಬೆಲ್ ಮಾತ್ರ, ಕಿವಿಗೆ ಅರ್ಧ ಆದ ಹಾಗೆ ಏನೂ ಅನಿಸಲ್ಲ. ಈ ಜೋಡಿಯಲ್ಲಿ ಎಲ್ಲ ಕಾಯಿಲಿಗೂ ಸಮನಾಗಿ ಕೊಟ್ಟರೆ ಸಿಗೋದು 1, 4, ಇಲ್ಲಾ 16 ಓಮ್, ಸರಿಯಾಗಿ 2 ಬರೋದೇ ಇಲ್ಲ. 2 ಓಮೇ ಬೇಕಿದ್ದರೆ 2 ಓಮಿನ ಡಬಲ್ ಕಾಯಿಲ್ ಇರುವ ಎರಡು ವೂಫರ್ ತಗೊಳ್ಳಬೇಕಿತ್ತು. ದುಡ್ಡು ಕೊಡೋ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ. ಎರಡು ಚಾನಲ್ ಆಂಪನ್ನು ಬ್ರಿಡ್ಜ್ ಮಾಡುವವರು, ಅಂದರೆ ಎರಡೂ ಚಾನಲ್ ಸೇರಿಸಿ ಒಂದೇ ಮಾಡಿ ಓಡಿಸುವವರು, ಬ್ರಿಡ್ಜಿಗೆ ಬರೆದ ಓಮನ್ನೇ ನೋಡಬೇಕು, ಬಹಳ ಆಂಪುಗಳಲ್ಲಿ ಅದು 4.

ಇನ್ನೊಂದು ತಪ್ಪು, ಅರ್ಥ್ ವೈರನ್ನು ಪೇಂಟ್ ಮೇಲೇ ಬಿಗಿದಿದ್ದರು, ಹಾಗಿದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ. ಕೆರೆದು, ಬರೀ ತಗಡು ಕಾಣಿಸಿದ ಮೇಲೆ ಕೂರಿಸಿದೆ.

ಇಷ್ಟಾಗಿ ಬಾನೆಟ್ ತೆಗೆದು ನೋಡಿದರೆ ಬ್ಯಾಟರಿ ಹತ್ತಿರ ಫ್ಯೂಸೇ ಇಲ್ಲ, ಹಿಂದೆ ಡಿಕ್ಕಿಯಲ್ಲಿ ಹಾಕಿದ್ದರು. ನಡುವೆ ಎಲ್ಲಾದರೂ ವೈರ್ ಉಜ್ಜಿ ಕಾರಿನ ತಗಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟ್ ಅದರಲ್ಲೇ ಹರಿದು ಬೆಂಕಿ ಹತ್ತುತ್ತೆ, ಹಿಂದಿನ ಫ್ಯೂಸ್ ಏನೂ ಮಾಡಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಫ್ಯೂಸ್ ಇರಬೇಕು. ಹುಡುಗನಿಗೆ ಹೊರಡುವ ಅವಸರ, "ನಾಳೆ ಬರ್ತೀನಣ್ಣಾ" ಅಂದ. ಕಾರಿನ ಕೀ ಕೊಡಲಿಲ್ಲ, ಇನ್ನರ್ಧ ಗಂಟೆ ಕೂರಿಸಿ ಫ್ಯೂಸ್ ಮುಂದಕ್ಕೆ ತಂದೇ ಕಳಿಸಿದೆ.