ನ್ಯೂ ಆರ್ಲಿಯನ್ಸ್: ನೀರು ಇಳಿದ ಮೇಲೆ ಶಾಲೆ ಯಾರ ಪಾಲಾಯಿತು?

ಕತ್ರಿನಾ ಚಂಡಮಾರುತದ ನಂತರ ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ನ ಸರ್ಕಾರಿ ಶಾಲೆಗಳು ಎದ್ದು ನಿಂತಿದ್ದನ್ನು ಕೆಲವರು ಪವಾಡ ಅನ್ನುತ್ತಾರೆ. ಕೆಲವರು ಕಬಳಿಕೆ ಅನ್ನುತ್ತಾರೆ. ಎರಡೂ ಕಡೆ ಪುರಾವೆ ಇದೆ, ಗೋಜಲು ಇರುವುದೇ ಅಲ್ಲಿ.

1960ರಲ್ಲಿ ಆರು ವರ್ಷದ ಕಪ್ಪು ಹುಡುಗಿ ರೂಬಿ ಬ್ರಿಡ್ಜಸ್ ಕೇಂದ್ರ ಸರ್ಕಾರದ ಮಾರ್ಷಲ್‌ಗಳ ಕಾವಲಿನಲ್ಲಿ ಈ ಊರಿನ ಬಿಳಿಯರ ಶಾಲೆಗೆ ಕಾಲಿಟ್ಟಳು. ಆಮೇಲಿನ ದಶಕಗಳಲ್ಲಿ ಬಿಳಿಯ ಕುಟುಂಬಗಳು ಹೊರಬಡಾವಣೆ, ಖಾಸಗಿ ಶಾಲೆಗಳ ದಾರಿ ಹಿಡಿದವು, ಕಟ್ಟಡಗಳು ಶಿಥಿಲವಾದವು, ಶಾಲಾ ಮಂಡಳಿಯ ಲೆಕ್ಕಪತ್ರ ನೋಡಲು ಎಫ್‌ಬಿಐ ಬಂದು ಕೂತಿತು. ಸೋತ ಶಾಲೆಗಳನ್ನು ವಹಿಸಿಕೊಳ್ಳಲು ಲೂಯಿಸಿಯಾನ ರಾಜ್ಯ 2003ರಲ್ಲೇ 'ರಿಕವರಿ ಸ್ಕೂಲ್ ಡಿಸ್ಟ್ರಿಕ್ಟ್' ಶುರುಮಾಡಿತ್ತು. ಅಂದರೆ ವ್ಯವಸ್ಥೆ ಹದಗೆಟ್ಟಿದ್ದು ಬಿರುಗಾಳಿಯಿಂದಲ್ಲ.

2005ರ ಆಗಸ್ಟ್ 29ರಂದು ಕತ್ರಿನಾ ಅಪ್ಪಳಿಸಿತು. ಒಡ್ಡುಗಳು ಒಡೆದು ನಗರದ ಶೇ. 80ರಷ್ಟು ಭಾಗ ಮುಳುಗಿತು. ಸುಮಾರು 65,000 ಮಕ್ಕಳು ಓದುತ್ತಿದ್ದ ಶಾಲೆಗಳು ಮುಚ್ಚಿದವು. ಜನ ಹೂಸ್ಟನ್, ಅಟ್ಲಾಂಟಾ ಅಂತ ಚದುರಿದರು.

ಮುಂದಿನ ಕೆಲವು ತಿಂಗಳನ್ನು ನಿಧಾನವಾಗಿ ನೋಡಬೇಕು. ನವೆಂಬರ್‌ನಲ್ಲಿ ಶಾಸನಸಭೆ ಹೊಸ ಕಾಯ್ದೆ ತಂದಿತು. ಅದುವರೆಗೆ ವರ್ಷಗಟ್ಟಲೆ ಫೇಲಾದ ಶಾಲೆ ಮಾತ್ರ ರಾಜ್ಯದ ಕೈಗೆ ಹೋಗುತ್ತಿತ್ತು. ಈಗ ಅಂಕ ರಾಜ್ಯದ ಸರಾಸರಿಗಿಂತ ಕಡಿಮೆ ಇದ್ದರೂ ಸಾಕು. ನೂರಕ್ಕೂ ಹೆಚ್ಚು ಶಾಲೆ ಒಂದೇ ಏಟಿಗೆ ಕೈಬದಲಾದವು. ಶಿಕ್ಷಕರು, ಸಿಬ್ಬಂದಿ ಸೇರಿ 7,000ಕ್ಕೂ ಜಾಸ್ತಿ ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಕಪ್ಪು ಜನ, ಊರಿನ ಮಧ್ಯಮ ವರ್ಗದ ಬೆನ್ನೆಲುಬು. ಎಷ್ಟೋ ಜನರ ವಜಾ ಪತ್ರ ನೀರು ನುಗ್ಗಿದ ಮನೆಯ ವಿಳಾಸಕ್ಕೇ ಹೋಯಿತು. ಊರಲ್ಲೇ ಇಲ್ಲದವರು ಯಾವ ಸಭೆಗೆ ಬಂದು ಕೇಳಬೇಕಿತ್ತು? ಅವರು ಹೂಡಿದ ದಾವೆಯನ್ನು 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಆ ಶಾಲೆಗಳು ಒಂದೊಂದಾಗಿ 'ಚಾರ್ಟರ್'ಗಳಾದವು. ಹೆಚ್ಚುಕಡಿಮೆ ನಮ್ಮ ಅನುದಾನಿತ ಶಾಲೆಗಳಂತೆ: ದುಡ್ಡು ಸರ್ಕಾರದ್ದು, ಆಡಳಿತ ಸಂಸ್ಥೆಯದ್ದು. ವ್ಯತ್ಯಾಸವೆಂದರೆ, ಫಲಿತಾಂಶ ಬಾರದಿದ್ದರೆ ಒಪ್ಪಂದ ಮುಗಿಯುತ್ತದೆ, ಶಾಲೆ ಮುಚ್ಚಲೂಬಹುದು.

ಕಟ್ಟಡದ ಹಣ ಬರುವುದು ತಡವಾಯಿತು. 2010ರಲ್ಲಷ್ಟೇ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಸುಮಾರು 180 ಕೋಟಿ ಡಾಲರ್ ಒಪ್ಪಿಕೊಂಡಿತು. ಹಾನಿಯಾದ ಪ್ರತಿ ಗೋಡೆಗೂ ಬೇರೆಬೇರೆ ಲೆಕ್ಕ ಹಾಕದೆ ಒಟ್ಟಿಗೆ ಕೊಟ್ಟಿದ್ದರಿಂದ ಬೇಕಾದ ಜಾಗದಲ್ಲಿ ಕಟ್ಟಲು ಅನುಕೂಲವಾಯಿತು. 2012ರಿಂದ ಮಕ್ಕಳ ಪ್ರವೇಶವನ್ನು ಕಂಪ್ಯೂಟರ್ ಹಂಚತೊಡಗಿತು. ಪಕ್ಕದ ಬೀದಿಯ ಶಾಲೆ ಬಿಟ್ಟು ಬೆಳಗಿನ ಕತ್ತಲಲ್ಲೇ ಬಸ್ಸಿಗೆ ಕಾಯುವುದು ರೂಢಿಯಾಯಿತು.

ಅಂಕ ಏರಿದ್ದು ಸುಳ್ಳಲ್ಲ. ಟ್ಯುಲೇನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಯಲ್ಲೂ ಕಾಲೇಜು ಪ್ರವೇಶದಲ್ಲೂ ದೊಡ್ಡ ಸುಧಾರಣೆ ಕಂಡಿದ್ದಾರೆ. ಅದೇ ಅವಧಿಯಲ್ಲಿ ಕಪ್ಪು ಶಿಕ್ಷಕರ ಪಾಲು ಸುಮಾರು ಶೇ. 70ರಿಂದ ಶೇ. 50ರ ಆಸುಪಾಸಿಗೆ ಇಳಿಯಿತು. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತಾರೆ, ಅಲ್ವಾ?

2018ರಲ್ಲಿ ರಾಜ್ಯ ವಹಿಸಿಕೊಂಡಿದ್ದ ಶಾಲೆಗಳು ಊರಿನ ಚುನಾಯಿತ ಶಾಲಾ ಮಂಡಳಿಗೆ ಮರಳಿದವು. ಆದರೆ ನೇಮಕ, ಸಂಬಳ, ಪಾಠಕ್ರಮ ಚಾರ್ಟರ್ ಸಂಸ್ಥೆಗಳ ಕೈಯಲ್ಲೇ ಉಳಿಯಿತು. 2024ರಲ್ಲಿ, ಒಂದು ಚಾರ್ಟರ್ ಮುಚ್ಚಿದಾಗ, ಮಂಡಳಿ ತಾನೇ ನಡೆಸುವ ಶಾಲೆ ತೆರೆಯಿತು. ಊರಿನ ಹೆಸರಾಂತ ಅಡುಗೆಗಾರ್ತಿ ಲಿಯಾ ಚೇಸ್ ಹೆಸರಿಟ್ಟಿತು. ಉಳಿದ ಶಾಲೆಗಳು ಚಾರ್ಟರ್ ಆಗಿಯೇ ಇವೆ.