ತೊಳೆದ ರಕ್ತದ ಕಲೆ ಮತ್ತೆ ಕಾಣುತ್ತಾ?

ಓದುಗರ ಪ್ರಶ್ನೆ: ನೆಲದ ಮೇಲಿನ ರಕ್ತವನ್ನು ಉಜ್ಜಿ ಉಜ್ಜಿ ತೊಳೆದಿದ್ದರೂ ಪೊಲೀಸರು ಏನೋ ಸಿಂಪಡಿಸಿ, ನೀಲಿ ಬೆಳಕು ಬಿಟ್ಟು ಪತ್ತೆ ಮಾಡುತ್ತಾರಲ್ಲ, ಅದು ನಿಜಾನಾ?

ನಿಜ. ಆದರೆ ಆ ನೀಲಿ ಬೆಳಕನ್ನು ಯಾರೂ ಹೊರಗಿಂದ ಬಿಡುವುದಿಲ್ಲ, ಅದು ಕಲೆಯಿಂದಲೇ ಬರುತ್ತದೆ.

ಸಿಂಪಡಿಸುವುದು ಲ್ಯೂಮಿನಾಲ್ ಎಂಬ ರಾಸಾಯನಿಕ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿರುತ್ತಾರೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇರುತ್ತದಲ್ವಾ, ಅದು ತಾಗಿದ ಕೂಡಲೇ ಇವೆರಡರ ನಡುವಿನ ಕ್ರಿಯೆ ಚುರುಕಾಗಿ ಬೆಳಕು ಹೊಮ್ಮುತ್ತದೆ. ಇದರಲ್ಲಿ ಕಬ್ಬಿಣ ಖರ್ಚಾಗುವುದಿಲ್ಲ. ಹಾಗಾಗಿ ಟೈಲ್ಸ್ ಸಂದಿಯಲ್ಲಿ, ಹಲಗೆಯ ಬಿರುಕಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿದ್ದರೂ ಸಾಕು. ಹೊಸ ರಕ್ತಕ್ಕಿಂತ ಒಣಗಿದ ಹಳೆಯ ರಕ್ತವೇ ಜಾಸ್ತಿ ಹೊಳೆಯುತ್ತದೆ. ಜರ್ಮನಿಯ ವಾಲ್ಟರ್ ಸ್ಪೆಕ್ಟ್ 1937ರಲ್ಲೇ ಇದನ್ನು ಅಪರಾಧ ತನಿಖೆಗೆ ಬಳಸಬಹುದೆಂದು ತೋರಿಸಿದ್ದರು. ಹೊಳಪು ಇರುವುದು ಅರ್ಧ ನಿಮಿಷದಷ್ಟು ಹೊತ್ತು. ಅದಕ್ಕೇ ಕೋಣೆ ಪೂರ್ತಿ ಕತ್ತಲು ಮಾಡಿ, ಕ್ಯಾಮೆರಾ ಮೊದಲೇ ಸಿದ್ಧ ಇಟ್ಟುಕೊಂಡು ಸಿಂಪಡಿಸುತ್ತಾರೆ.

ಸಿನಿಮಾದಲ್ಲಿ ಇಷ್ಟಕ್ಕೇ ಕೇಸು ಮುಗಿದುಹೋಗುತ್ತದೆ! ನಿಜವಾದ ತಲೆನೋವು ಶುರುವಾಗುವುದೇ ಇಲ್ಲಿಂದ. ಲ್ಯೂಮಿನಾಲ್ ತಾಮ್ರಕ್ಕೂ ಹೊಳೆಯುತ್ತದೆ, ಬ್ಲೀಚಿಗೂ ಹೊಳೆಯುತ್ತದೆ, ಕೆಲವು ತರಕಾರಿಗಳ ರಸಕ್ಕೂ ಹೊಳೆಯುತ್ತದೆ. ಅಂದರೆ ಅದು ಹೇಳುವುದು "ಇಲ್ಲಿ ರಕ್ತ ಇರಬಹುದು, ಹುಡುಕಿ" ಎಂದಷ್ಟೇ. ಹೊಳೆದ ಜಾಗದಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ ಲ್ಯಾಬಿಗೆ ಹೋಗಬೇಕು.

ಅಲ್ಲಿ ಮೊದಲು ನೋಡುವುದು ಇದು ರಕ್ತ ಹೌದಾ, ಹೌದಾದರೆ ಮನುಷ್ಯನದ್ದಾ ಎಂದು. ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. 1901ರಲ್ಲಿ ಜರ್ಮನಿಯ ರ‍್ಯೂಗೆನ್ ದ್ವೀಪದಲ್ಲಿ ಇಬ್ಬರು ಹುಡುಗರ ಕೊಲೆಯಾಯಿತು. ಸಿಕ್ಕಿಬಿದ್ದ ಬಡಗಿ ತನ್ನ ಬಟ್ಟೆಯ ಕಲೆ ಮರಕ್ಕೆ ಹಚ್ಚುವ ಬಣ್ಣದ್ದು ಎಂದ. ಅದೇ ವರ್ಷ ಪಾಲ್ ಉಲೆನ್‌ಹುತ್ ಎಂಬ ವಿಜ್ಞಾನಿ ಒಂದು ಪರೀಕ್ಷೆ ಕಂಡುಹಿಡಿದಿದ್ದರು. ಮೊಲದ ದೇಹಕ್ಕೆ ಮನುಷ್ಯರ ರಕ್ತ ಚುಚ್ಚಿದರೆ ಅದರ ಸೀರಮ್‌ನಲ್ಲಿ (ರಕ್ತದ ತಿಳಿ ದ್ರವದಲ್ಲಿ) ಮನುಷ್ಯರ ರಕ್ತವನ್ನು ಗುರುತು ಹಿಡಿಯುವ ಪ್ರತಿಕಾಯಗಳು ಹುಟ್ಟುತ್ತವೆ. ಆ ಸೀರಮ್ ಮನುಷ್ಯರ ರಕ್ತಕ್ಕೆ ಬೆರೆತರೆ ಮೋಡದಂತೆ ಮಸುಕಾಗುತ್ತದೆ. ಬಡಗಿಯ ಬಟ್ಟೆಯಲ್ಲಿ ಮನುಷ್ಯರ ರಕ್ತವೂ ಸಿಕ್ಕಿತು, ಕುರಿಯ ರಕ್ತವೂ ಸಿಕ್ಕಿತು. ಕೋರ್ಟು ಅವನಿಗೆ ಮರಣದಂಡನೆ ವಿಧಿಸಿತು. ಪ್ರತಿಕಾಯ ಬಳಸುವ ಪರೀಕ್ಷೆಗಳು ಇಂದಿಗೂ ಇವೆ. ಆದರೆ ಅವು ಯಾರ ರಕ್ತ ಎಂದು ಹೇಳುವುದಿಲ್ಲ, ಅದಕ್ಕೆ ಡಿಎನ್‌ಎ ಬೇಕು. ಲ್ಯೂಮಿನಾಲ್ ಸಿಂಪಡಿಸಿದ ಮೇಲೂ ಸಾಮಾನ್ಯವಾಗಿ ಡಿಎನ್‌ಎ ತೆಗೆಯಬಹುದು, ಆದರೆ ಕ್ಲೋರಿನ್ ಬ್ಲೀಚ್ ಅದನ್ನು ಹಾಳು ಮಾಡುತ್ತದೆ.

ಹಾಗಾದರೆ ಬ್ಲೀಚ್ ಸುರಿದವನು ಬಚಾವಾ? ಅಷ್ಟು ಸುಲಭ ಇಲ್ಲ. ಬ್ಲೀಚಿನ ಹೊಳಪು ಒಂದೆರಡು ದಿನ ಒಣಗಲು ಬಿಟ್ಟರೆ ಕಡಿಮೆಯಾಗುತ್ತದೆ, ರಕ್ತದ್ದು ಉಳಿಯುತ್ತದೆ. ಮೇಲೆಲ್ಲ ಒರೆಸಿದ್ದರೂ ಹಲಗೆಯ ಅಡಿಗೆ ಇಳಿದ ರಕ್ತಕ್ಕೆ ಬ್ಲೀಚ್ ತಲುಪಿರುವುದಿಲ್ಲ. ತನಿಖೆಯವರು ಆ ಹಲಗೆಯನ್ನೇ ಕಿತ್ತು ನೋಡುತ್ತಾರೆ.